ಬಯಲಿನಿಂದ ಮಲೆಗೆ ಏರಿದ ರಾಗಿ

ಮಂಡ್ಯ ತಾಲ್ಲೂಕಿನ ಹೊಳಲು ಎಂಬ ಊರ ಹೆಸರಿನಲ್ಲಿ ಹಳಗನ್ನಡದ ‘ಪೊಳಲ್’ ಎಂಬ ಪದದ ದನಿ ಕೇಳಿಸುತ್ತದೆ. ಪೊಳಲ್ ಎಂದರೆ ಪಟ್ಟಣ, ಜನ ಬಂದು ನೆಲೆನಿಂತ ಜಾಗ. ಬೇಸಾಯದ ಕಣ್ಣಿನಿಂದ ನೋಡಿದರೆ ಈ ಅರ್ಥ ಹೊಳಲಿನ ಸುತ್ತಲ ಸೀಮೆಗೆಲ್ಲ ಒಪ್ಪುತ್ತದೆ, ಏಕೆಂದರೆ ಇಲ್ಲಿನ ನೆಲ ನಿಲ್ಲಗೊಡುವ ನೆಲ: ಚೆಲ್ಲಿದ ಗೊಬ್ಬರ ಚೆಲ್ಲಿದಲ್ಲೇ ಇರುತ್ತದೆ, ಬಿಟ್ಟ ನೀರು ಬದುವಿನೊಳಗೆ ನಿಲ್ಲುತ್ತದೆ, ತಾತ ಉತ್ತ ಗದ್ದೆಯನ್ನೇ ಮೊಮ್ಮಗನೂ ಉಳುತ್ತಾನೆ. 1911ರಲ್ಲಿ ಮೊದಲಾದ ಕನ್ನಂಬಾಡಿ ಕಟ್ಟೆಯ ಕೆಲಸ ಎರಡು ದಶಕ ನಡೆದು, ಹುಲಿಕೆರೆಯ ಸುರಂಗವನ್ನು ಹಾದ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಒಣ ಬಯಲಿಗೆ ಕಾವೇರಿಯನ್ನು ತಂದ ಮೇಲೆ ಈ ನಿಲ್ಲುವ ಗುಣ ಇನ್ನಷ್ಟು ಬಲವಾಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಬೇರೆಯಾಯಿತು, ಭತ್ತ ಮತ್ತು ಕಬ್ಬು ಈ ನಾಡಿನ ಮುಖವಾದವು.

ನಾಲೆಯ ಬಯಲಿನಲ್ಲಿ ರೈತನ ಕಸುಬಿನ ಸೂಕ್ಷ್ಮವೆಲ್ಲ ಮಟ್ಟದಲ್ಲಿದೆ. ನಾಟಿಗೆ ಮುಂಚೆ ಕೆಸರುಗದ್ದೆಗೆ ನೀರು ತುಂಬಿಸಿದಾಗ ಯಾವುದೋ ಒಂದು ಮೂಲೆಯಲ್ಲಿ ಬೊಗಸೆಯಷ್ಟು ಮಣ್ಣು ತಲೆಯೆತ್ತಿ ಕಂಡರೆ, ಅಲ್ಲಿ ಪೈರು ಒಣಗುತ್ತದೆ, ಕಳೆ ಏಳುತ್ತದೆ ಎಂದು ರೈತನಿಗೆ ತಿಳಿದಿರುತ್ತದೆ. ಎತ್ತು ಕಟ್ಟಿ ಹಲಗೆ ಹೊಡೆದು, ಆ ಮಣ್ಣನ್ನು ತಗ್ಗಿನ ಕಡೆಗೆ ಎಳೆದು, ನೀರಿನ ಮೈಯನ್ನೇ ಅಳತೆಗೋಲು ಮಾಡಿಕೊಂಡು ಅವನು ನೆಲವನ್ನು ಸಮ ಮಾಡುತ್ತಾನೆ. ಹೀಗೆ ಒಂದು ಅಂಗುಲದ ಏರುಪೇರನ್ನೂ ಸಹಿಸದ ಬೇಸಾಯದಿಂದ ಹೊರಟವರಿಗೆ, ನಿಂತರೆ ಕಾಲು ಜಾರುವ ಇಳಿಜಾರಿನಲ್ಲಿಯೂ ಜನ ಶತಮಾನಗಳಿಂದ ಉಣ್ಣುವಷ್ಟು ಬೆಳೆದುಕೊಂಡು ಬಂದಿದ್ದಾರೆ ಎಂಬ ಸಂಗತಿ ಮೊದಲಿಗೆ ನಂಬಲು ಕಷ್ಟವಾದದ್ದು. ಅದನ್ನು ಕಾಣಲು ದೂರದ ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ಹೊಳಲಿನಿಂದ ಮಳವಳ್ಳಿ, ಶಿವನಸಮುದ್ರ, ಕೊಳ್ಳೇಗಾಲ, ಹನೂರು ದಾಟಿ, ತಾಳಬೆಟ್ಟದ ಬುಡದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುವ ಹಾದಿ ಸಾಕು. ಮಂಡ್ಯ ಸೀಮೆಯ ಒಕ್ಕಲು ಮಕ್ಕಳಿಗೆ ಅದು ಹೊಸ ಹಾದಿಯೂ ಅಲ್ಲ. ಶಿವರಾತ್ರಿಗೆ, ದೀಪಾವಳಿಗೆ, ಯುಗಾದಿಗೆ ಮಾದಪ್ಪನ, ಎಂದರೆ ಮಹದೇಶ್ವರನ, ಹರಕೆ ಹೊತ್ತು ತಲೆಮಾರುಗಳಿಂದ ಕಾಲ್ನಡಿಗೆಯಲ್ಲಿ ಸವೆಸಿದ ಹಾದಿ ಅದು. ಆ ನಡಿಗೆಯಲ್ಲಿ ದೇವರ ಕಡೆಗೆ ನೆಟ್ಟ ಕಣ್ಣು ದಾರಿಯ ಎಡಬಲದ ಹೊಲಗಳ ಮೇಲೂ ಒಮ್ಮೆ ಬಿದ್ದರೆ, ಒಂದು ಬೆಳೆ ಬಯಲಿನಿಂದ ಬೆಟ್ಟಕ್ಕೆ ಏರುತ್ತ ತನ್ನ ನಡತೆಯನ್ನು ಹೇಗೆ ಬದಲಿಸಿಕೊಳ್ಳುತ್ತದೆ ಎಂಬುದು ಹಂತಹಂತವಾಗಿ ಕಾಣಿಸುತ್ತದೆ. ಆ ಬೆಳೆ ರಾಗಿ.

ನಾಲೆಯ ನೀರು ತಲುಪದ ದಿಣ್ಣೆಗಳು ಮಳವಳ್ಳಿಯ ಕಡೆಗೆ ಸಾಗಿದಂತೆ ಹೆಚ್ಚುತ್ತವೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯ ಈ ಸೀಮೆಯಲ್ಲಿ, ನೆಲ ಕಣ್ಣಿಗೆ ಸಮವೆನಿಸಿದರೂ ಮಳೆನೀರಿಗೆ ಅದರ ಓಟ ಗೊತ್ತು. ಕೆಂಪು ಮರಳುಗೂಡಿದ ಮಣ್ಣು ಜೋರು ಮಳೆಗೆ ಬೇಗ ಕದಲುತ್ತದೆ. ಇಲ್ಲಿನ ಬೆದ್ದಲು ಹೊಲದಲ್ಲಿ, ಎಂದರೆ ಮಳೆಯನ್ನಷ್ಟೇ ನಂಬಿದ ಹೊಲದಲ್ಲಿ, ರಾಗಿ ಒಂಟಿಯಾಗಿ ಬೆಳೆಯುವ ಪೈರಲ್ಲ. ಏಳೆಂಟು ಸಾಲು ರಾಗಿಗೆ ಒಂದು ಸಾಲು ಅವರೆಯನ್ನೋ ತೊಗರಿಯನ್ನೋ ಬಿಡುವ ಪದ್ಧತಿಗೆ ‘ಅಕ್ಕಡಿ’ ಎಂದು ಹೆಸರು. ಆ ಸಾಲಿನಲ್ಲೇ ಹುಚ್ಚೆಳ್ಳು, ಸಾಸಿವೆ, ಹರಳು, ಜೋಳ ಸೇರುವುದೂ ಉಂಟು. ರಾಗಿಯನ್ನು ಕೂರಿಗೆಯಲ್ಲಿ ಬಿತ್ತುವಾಗ, ಅದರ ಹಿಂದೆ ಹಗ್ಗದಿಂದ ಕಟ್ಟಿದ ಬಿದಿರಿನ ಕೊಳವೆಯೊಂದನ್ನು ಹಿಡಿದು ಹೆಣ್ಣುಮಗಳೊಬ್ಬಳು ಅಕ್ಕಡಿ ಕಾಳನ್ನು ಒಂದೊಂದಾಗಿ ಇಳಿಬಿಡುತ್ತ ಬರುತ್ತಾಳೆ. ಈ ಕೊಳವೆಯೇ ‘ಸಡ್ಡೆ’. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಬೇಸಾಯದ ವಿವರಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ರಾಗಿಯ ನಡುವೆ ಅವರೆ, ತೊಗರಿಯ ಸಾಲು ಬಿಡುವುದನ್ನು ದಾಖಲಿಸಿದ್ದಾನೆ. ಪದ್ಧತಿಯ ವಯಸ್ಸು ಅವನ ಬರಹಕ್ಕಿಂತ ಎಷ್ಟೋ ಹಿಂದಿನದು.

ಅಕ್ಕಡಿಯನ್ನು ‘ಮಿಶ್ರ ಬೆಳೆ’ ಎಂಬ ಎರಡು ಮಾತಿನಲ್ಲಿ ಮುಗಿಸುವುದು ಅದಕ್ಕೆ ಮಾಡುವ ಅನ್ಯಾಯ. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಜಾಲವಾಗಿ ಹರಡಿ ಮಣ್ಣನ್ನು ಹಿಡಿದರೆ, ತೊಗರಿಯ ತಾಯಿಬೇರು ಆಳಕ್ಕೆ ಇಳಿದು ರಾಗಿಗೆ ಎಟುಕದ ತೇವವನ್ನು ಎತ್ತುತ್ತದೆ. ಅವರೆ, ತೊಗರಿಗಳ ಬೇರುಗಂಟಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತವೆ. ಹುಚ್ಚೆಳ್ಳಿನ ಹಳದಿ ಹೂ ಜೇನ್ನೊಣವನ್ನು ಕರೆಯುತ್ತದೆ. ಕಾರ್ತಿಕ ಮಾರ್ಗಶಿರದ ಹೊತ್ತಿಗೆ ರಾಗಿಯನ್ನು ಕೊಯ್ದ ಮೇಲೆ ಹೊಲ ಬೋಳಾಗುವುದಿಲ್ಲ, ಏಕೆಂದರೆ ಆಗಷ್ಟೇ ಬಿಸಿಲು ಕಂಡ ಅವರೆ ಬಳ್ಳಿ ಹರಡಿ, ಬರೀ ಇಬ್ಬನಿಯನ್ನು ಕುಡಿದು, ಸೊಗಡಿನ ಕಾಯಿ ಬಿಡಲು ತೊಡಗುತ್ತದೆ. ಮಳೆ ಮುಂಗಾರಿನಲ್ಲಿ ಕೈಕೊಟ್ಟರೂ ಹಿಂಗಾರಿನಲ್ಲಿ ಕೈಕೊಟ್ಟರೂ ಈ ಹೊಲದಿಂದ ರೈತ ಬರಿಗೈಯಲ್ಲಿ ಮನೆಗೆ ಬರುವುದಿಲ್ಲ. ರಾಗಿ ಬಿತ್ತಿದ ಇಪ್ಪತ್ತು ಇಪ್ಪತ್ತೈದು ದಿನಕ್ಕೆ ಪೈರಿನ ಮೇಲೆಯೇ ಹಲ್ಲುಗಳಿರುವ ಹಲುವೆಯನ್ನು ಎಳೆಯುವ ಕ್ರಮವೂ ಇಂಥದ್ದೇ ತಿಳಿವಳಿಕೆಯದು: ಕಂಡವರಿಗೆ ಬೆಳೆಯನ್ನೇ ಕಿತ್ತುಹಾಕುತ್ತಿದ್ದಾರೆ ಎನಿಸಿದರೂ, ದಟ್ಟವಾದ ಪೈರು ತೆಳುವಾಗಿ, ಕಳೆ ಕಿತ್ತು, ಮೇಲ್ಮಣ್ಣು ಪುಡಿಯಾಗಿ ಕೆಳಗಿನ ತೇವ ಆರದಂತೆ ಮುಚ್ಚಳವಾಗುತ್ತದೆ, ಉಳಿದ ಗಿಡ ಹೆಚ್ಚು ತೆಂಡೆಯೊಡೆಯುತ್ತದೆ.

ಹವಾಮಾನಕ್ಕೆ ಹೊಂದಿಕೊಳ್ಳುವ ಇನ್ನೊಂದು ಸಾಧನ ಕಾಲದ ಲೆಕ್ಕ. ವರ್ಷದ ಮಳೆಯನ್ನು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ನಕ್ಷತ್ರದ ಹೆಸರಿನಲ್ಲಿ ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಾಗಿ ಎಣಿಸುವ ಈ ಪಂಚಾಂಗದಲ್ಲಿ ಪ್ರತಿ ಮಳೆಗೂ ಒಂದು ಕೆಲಸವಿದೆ, ಒಂದು ಮಳೆ ತಪ್ಪಿದರೆ ಮುಂದಿನ ಮಳೆಗೆ ಏನು ಬಿತ್ತಬಹುದು ಎಂಬ ಉತ್ತರವೂ ಇದೆ. ಬೇಗ ಬಿತ್ತಿ ಬೇಗ ಕೊಯ್ಯುವ ಕಾರು ರಾಗಿ, ತಡವಾಗಿ ಬಿತ್ತುವ ಹೈನು ರಾಗಿ ಎಂಬ ಭೇದ ಹುಟ್ಟಿದ್ದು ಇದರಿಂದಲೇ. ಬಿತ್ತನೆಯ ಕಾಲ ಪೂರ್ತಿ ಮೀರಿದರೆ ಒಟ್ಲು ಹಾಕಿ, ಎಂದರೆ ಒಂದು ಮೂಲೆಯಲ್ಲಿ ಸಸಿ ಎಬ್ಬಿಸಿಕೊಂಡು, ಮಳೆ ಬಿದ್ದ ದಿನ ಹೊಲಕ್ಕೆ ನಾಟಿ ಮಾಡಬಹುದು. ಕಿತ್ತು ನೆಟ್ಟರೂ ಮುನಿಯದ ಧಾನ್ಯ ರಾಗಿ. ಬೆಟ್ಟದ ಬೇಸಾಯಕ್ಕೆ ಬೇಕಾದ ಗುಣಗಳೆಲ್ಲ ಹೀಗೆ ಬಯಲಿನಲ್ಲೇ ತಯಾರಾಗಿವೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಸಾಗಬೇಕು.

ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕುತ್ತದೆ. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ಹೊಳೆ ದಾಟಿದರೆ ಕೊಳ್ಳೇಗಾಲ. 1956ರ ತನಕ ಇದು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಮುಂದೆ ಮೈಸೂರು ಜಿಲ್ಲೆಗೆ ಸೇರಿ, 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. ಗಡಿ ಎಷ್ಟು ಸಲ ಬದಲಾದರೂ ಜನರ ನುಡಿ, ರಾಗಿಮುದ್ದೆ ಮತ್ತು ಮಾದಪ್ಪ ಬದಲಾಗಲಿಲ್ಲ. ಹನೂರಿನಾಚೆ ನೆಲ ಮಡಿಕೆಬೀಳತೊಡಗುತ್ತದೆ. ಎಪ್ಪತ್ತೇಳು ಮಲೆಗಳೆಂದು ಜನಪದ ಕಾವ್ಯ ಎಣಿಸುವ ಈ ಬೆಟ್ಟಸಾಲು ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿದೆ, ಎಂದರೆ ಅರಬ್ಬೀ ಕಡಲಿನಿಂದ ಬರುವ ಮುಂಗಾರು ಮೋಡ ತನ್ನ ಹೊರೆಯನ್ನೆಲ್ಲ ಘಟ್ಟದಲ್ಲಿಳಿಸಿ ಹಗುರವಾಗಿ ಇಲ್ಲಿಗೆ ತಲುಪುತ್ತದೆ. ಬೇಸಿಗೆಯ ಕೊನೆಯ ಗುಡುಗು ಮಳೆ ಮತ್ತು ಭಾದ್ರಪದ ಆಶ್ವಯುಜದ ಹಿಂಗಾರು ಮಳೆಯೇ ಇಲ್ಲಿನ ಬೇಸಾಯಕ್ಕೆ ಮುಖ್ಯ ಆಸರೆ. ಆ ಮಳೆ ಬರುವಾಗ ಒಮ್ಮೆಲೇ ಬರುತ್ತದೆ, ಕಡಿದಾದ ಇಳಿಜಾರಿನಲ್ಲಿ ಬಿದ್ದ ಗಳಿಗೆಯಲ್ಲೇ ಹಳ್ಳ ಸೇರಲು ಓಡುತ್ತದೆ. ಅಂದರೆ ಮಲೆಯ ರೈತನಿಗೆ ಕಷ್ಟ ಎರಡು ಕಡೆಯಿಂದ: ಮಳೆ ಕಡಿಮೆ, ಬಂದ ಮಳೆ ನಿಲ್ಲುವುದಿಲ್ಲ.

ಪೊನ್ನಾಚಿಯ ಸುತ್ತಿನ, ಬೆಟ್ಟದ ಮಡಿಲಿನ ಹಳ್ಳಿಗಳ ಹೊಲಗಳಲ್ಲಿ ಈ ಎರಡು ಕಷ್ಟಕ್ಕೂ ಉತ್ತರ ಕಲ್ಲಿನಲ್ಲಿದೆ. ಉಳುವಾಗ ನೇಗಿಲಿಗೆ ತೊಡರುವ ಕಲ್ಲನ್ನು ಹೊಲದಾಚೆ ಎಸೆಯದೆ, ಇಳಿಜಾರಿಗೆ ಅಡ್ಡಲಾಗಿ ಒಂದರ ಮೇಲೊಂದು ಪೇರಿಸುತ್ತ ಬಂದಿರುವುದರಿಂದ ಮೊಣಕಾಲೆತ್ತರದ ಕಲ್ಲುಬದುಗಳು ತಾವಾಗಿಯೇ ಬೆಳೆದಿವೆ. ಗಾರೆಯಿಲ್ಲದ ಈ ಬದು ನೀರನ್ನು ಪೂರ್ತಿ ತಡೆಯುವುದಿಲ್ಲ. ಕಲ್ಲಿನ ಸಂದಿಯಲ್ಲಿ ನೀರು ಸೋಸಿ ಕೆಳಗಿಳಿಯುತ್ತದೆ, ಅದು ಹೊತ್ತು ತಂದ ಮಣ್ಣು ಮಾತ್ರ ಹಿಂದೆ ಉಳಿಯುತ್ತದೆ, ವರ್ಷಗಳು ಕಳೆದಂತೆ ಬದುವಿನ ಮೇಲ್ಬದಿಯ ನೆಲ ತುಂಬಿ ಸ್ವಲ್ಪ ಸ್ವಲ್ಪವಾಗಿ ಮಟ್ಟಕ್ಕೆ ಬರುತ್ತದೆ. ಹೊಳಲಿನ ರೈತ ಹಲಗೆ ಹೊಡೆದು ಒಂದೇ ದಿನದಲ್ಲಿ ಮಾಡುವ ಕೆಲಸವನ್ನು ಇಲ್ಲಿ ಮಳೆಯೇ ಮಾಡುತ್ತದೆ, ಅದಕ್ಕೆ ಎರಡು ತಲೆಮಾರು ಬೇಕು. ಸಣ್ಣ ಕಲ್ಲುಗಳನ್ನು ಹೊಲದಲ್ಲೇ ಬಿಡುವುದನ್ನು ಕಂಡು ಬಯಲಿನವರು ಸೋಮಾರಿತನ ಎನ್ನಬಹುದು. ಆದರೆ ಆ ಕಲ್ಲು ಮಳೆಹನಿಯ ಹೊಡೆತವನ್ನು ತಾನು ತಿಂದು, ತನ್ನಡಿಯ ತೇವವನ್ನು ಬಿಸಿಲಿನಿಂದ ಕಾಯುತ್ತದೆ. ಬೇಸಿಗೆಯಲ್ಲಿ ಅಂಥ ಒಂದು ಕಲ್ಲನ್ನು ಮಗುಚಿ ನೋಡಿದರೆ ಅಡಿಯ ಮಣ್ಣಿನ ಬಣ್ಣವೇ ಬೇರೆ, ಅಲ್ಲಿ ಬೆರಳಿಗೆ ತಂಪು ಹತ್ತುತ್ತದೆ.

ಮಲೆಯ ಗೊಬ್ಬರದ ಕಥೆ ಬಯಲಿನ ಕಥೆಗೆ ಹೆಣೆದುಕೊಂಡಿದೆ. ಕಾಡಿನೊಳಗೆ ದನಗಳನ್ನು ಕೂಡಿಹಾಕುವ ಬೇಲಿಕಟ್ಟಿದ ಆವರಣಕ್ಕೆ ‘ದೊಡ್ಡಿ’ ಎನ್ನುತ್ತಾರೆ. ಬಯಲಿನ ಊರುಗಳ ಕೆಲಸವಿಲ್ಲದ ದನಗಳೂ ಬೆಟ್ಟದ ಜನರ ದನಗಳೂ ಹಗಲೆಲ್ಲ ಕಾಡಿನಲ್ಲಿ ಮೇದು ರಾತ್ರಿ ಅಲ್ಲಿ ತಂಗುತ್ತಿದ್ದವು, ಅಲ್ಲಿ ಸೇರಿದ ಸಗಣಿ ಹೊಲಗಳಿಗೆ ಇಳಿಯುತ್ತಿತ್ತು. ಕಾವೇರಿಯ ಈ ಕಣಿವೆಗಳ ಆಲಂಬಾಡಿ ತಳಿಯ ಹಸುಗಳು ಮೇವು ಕಡಿಮೆಯಿದ್ದರೂ ಕಲ್ಲುನೆಲದಲ್ಲಿ ನಡೆದು ಬದುಕಬಲ್ಲವೆಂದು ಹೆಸರಾದವು. ಮಲೆ ಮಹದೇಶ್ವರ ಬೆಟ್ಟ ಅಭಯಾರಣ್ಯವಾದದ್ದು 2013ರಲ್ಲಿ. ಅದಕ್ಕೂ ಮುಂಚಿನಿಂದಲೇ ದನ ಮೇಯಿಸುವುದರ ಮೇಲೆ ನಿರ್ಬಂಧ ಬಿಗಿಯಾಗುತ್ತ ಬಂದು, ಈ ಕೊಡುಕೊಳ್ಳುವಿಕೆ ಕ್ಷೀಣಿಸಿದೆ. ಅತಿಯಾಗಿ ಮೇಯಿಸುವುದರಿಂದ ಕಾಡಿಗೆ ಹಾನಿಯಾಗುತ್ತದೆ ಎಂಬ ಮಾತನ್ನು ಅಲ್ಲಗಳೆಯಲಾಗದು. ಆದರೆ ದೊಡ್ಡಿ ನಿಂತುಹೋದಲ್ಲಿ ಗೊಬ್ಬರವೂ ನಿಂತಿತು, ಇಳಿಜಾರಿನ ತೆಳು ಮಣ್ಣಿಗೆ ಗೊಬ್ಬರ ನಿಂತರೆ ಬೇಸಾಯವೇ ನಿಂತಂತೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು.

ಇದಕ್ಕಿಂತಲೂ ಕಡಿದಾದ ನೆಲದಲ್ಲಿ, ಕಲ್ಲುಬದು ಕಟ್ಟಲೂ ಆಗದ ಕಡೆ, ಬದುಕಿದವರು ಈ ಕಾಡುಗಳ ಮೂಲನಿವಾಸಿಗಳಾದ ಸೋಲಿಗರು. ಮಹದೇಶ್ವರನ ಕಾವ್ಯದಲ್ಲಿ ಸೋಲಿಗರಿಗೆ ದೊಡ್ಡ ಪಾಲಿದೆ, ಕಾರಯ್ಯನನ್ನು ಅವರು ತಮ್ಮ ಮೂಲಪುರುಷನೆಂದು ನೆನೆಯುತ್ತಾರೆ. ಪಶ್ಚಿಮಕ್ಕಿರುವ ಬಿಳಿಗಿರಿಯಲ್ಲಿ ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದ್ದರಿಂದ ಅವರಿಗೆ ದೇವರು ‘ಭಾವ’ನಾಗುತ್ತಾನೆ. ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟ ಕೈಹಿಡಿಯುವ ಜಾಗವಾದ ಬಿಳಿಗಿರಿಯಲ್ಲಿ ಬುಡದ ಕುರುಚಲಿನಿಂದ ತುದಿಯ ಸೋಲೆಗಾಡು, ಎಂದರೆ ಹುಲ್ಲುಗಾವಲಿನ ಮಡಿಕೆಗಳಲ್ಲಿ ಬೆಳೆಯುವ ನಿತ್ಯಹರಿದ್ವರ್ಣದ ಕಾಡಿನ ತನಕ ಎಲ್ಲವೂ ಒಂದು ಹಗಲಿನ ನಡಿಗೆಯಲ್ಲಿ ಸಿಗುತ್ತವೆ. ಈ ಕಾಡಿನ ನಡುವೆ ‘ಪೋಡು’ಗಳಲ್ಲಿ, ಅಂದರೆ ಸಣ್ಣ ಹಾಡಿಗಳಲ್ಲಿ, ಇದ್ದ ಸೋಲಿಗರ ಬೇಸಾಯ ಒಂದು ಸರಳ ತಿಳಿವಳಿಕೆಯ ಮೇಲೆ ನಿಂತಿತ್ತು: ಇಳಿಜಾರಿನ ಮಣ್ಣಿಗೆ ಎರಡು ಮೂರು ವರ್ಷಕ್ಕಿಂತ ಹೆಚ್ಚು ಕೊಡಲು ತಾಕತ್ತಿಲ್ಲ, ಆದ್ದರಿಂದ ಅದಕ್ಕೆ ಬಿಡುವು ಕೊಟ್ಟು ಮನುಷ್ಯನೇ ಸರಿಯಬೇಕು.

ಬೇಸಿಗೆಯಲ್ಲಿ ಪೊದೆ, ಸಣ್ಣ ಗಿಡಗಳನ್ನು ಸವರಿ ಒಣಗಲು ಬಿಟ್ಟು, ಮಳೆಗೆ ಮುಂಚೆ ಸುಟ್ಟು, ಬೂದಿ ಹದವಾದ ನೆಲಕ್ಕೆ ರಾಗಿಯನ್ನು ಚೆಲ್ಲುತ್ತಿದ್ದರು. ಜೊತೆಗೆ ಮುಸುಕಿನ ಜೋಳ, ಅವರೆ, ಸಾಸಿವೆ, ಕುಂಬಳ, ಹಲವು ಬಗೆಯ ಸೊಪ್ಪು. ಬೂದಿಯಲ್ಲಿರುವ ಪೊಟ್ಯಾಷ್ ಮತ್ತು ಸುಣ್ಣದಂಶ ಮಣ್ಣಿನ ಹುಳಿಯನ್ನು ತಗ್ಗಿಸಿ ಪೈರಿಗೆ ಮೊದಲ ಊಟವಾಗುತ್ತದೆ, ಬೆಂಕಿ ಕಳೆಬೀಜವನ್ನು ಕೊಲ್ಲುತ್ತದೆ. ಆದರೆ ಈ ಕ್ರಮದ ಜಾಣತನ ಬೆಂಕಿಗಿಂತ ಹೆಚ್ಚಾಗಿ ಅವರು ಮಾಡದೆ ಬಿಟ್ಟ ಕೆಲಸಗಳಲ್ಲಿದೆ. ನೇಗಿಲು ಹೂಡುತ್ತಿರಲಿಲ್ಲ, ಗುದ್ದಲಿಯಿಂದ ಮೇಲ್ಮಣ್ಣನ್ನು ಕೆರೆದು ಕಾಳು ಮುಚ್ಚುವಷ್ಟೇ ಕೆಲಸ. ಬುಡಗಳನ್ನು ಕೀಳುತ್ತಿರಲಿಲ್ಲ, ಹೀಗಾಗಿ ಕಡಿದ ಗಿಡದ ಬೇರು ನೆಲದೊಳಗೆ ಜೀವಂತವಾಗಿದ್ದು ಬೆಟ್ಟವನ್ನು ಹಿಡಿದಿರುತ್ತಿತ್ತು, ಹೊಲ ಬಿಟ್ಟ ಮರುವರ್ಷವೇ ಚಿಗುರುತ್ತಿತ್ತು. ಜೇನು ಕಟ್ಟುವ ಮರ, ಹಣ್ಣಿನ ಮರ, ದೇವರ ಮರಗಳಿಗೆ ಕೊಡಲಿ ಇಡುತ್ತಿರಲಿಲ್ಲ. ಬೆಳೆ ತೆನೆಗೆ ಬಂದಾಗ ಮರದ ಮೇಲೆ ಅಟ್ಟಣೆ ಕಟ್ಟಿ, ಆನೆ ಹಂದಿಗಳನ್ನು ರಾತ್ರಿಯಿಡೀ ಕೂಗಿ ಓಡಿಸುವ ಪಾಳಿ ನಡೆಯುತ್ತಿತ್ತು. ಹೊಸ ರಾಗಿ ಮನೆಗೆ ಬಂದ ಮೇಲೆ ಅದರ ರೊಟ್ಟಿಯನ್ನು ದೇವರಿಗೆ ಒಪ್ಪಿಸಿ ಎಲ್ಲರೂ ಹಂಚಿ ತಿನ್ನುವ ರೊಟ್ಟಿ ಹಬ್ಬ ಇಂದಿಗೂ ಉಳಿದುಕೊಂಡಿದೆ.

ಕನ್ನಡ ಕರಾವಳಿ ಮತ್ತು ಮಲೆನಾಡಿನಲ್ಲಿ ಇದೇ ಬಗೆಯ ಬೇಸಾಯಕ್ಕೆ ‘ಕುಮರಿ’ ಎಂದು ಹೆಸರು. 19ನೆಯ ಶತಮಾನದ ಮಧ್ಯಭಾಗದಿಂದ ಬ್ರಿಟಿಷ್ ಅರಣ್ಯ ಆಡಳಿತ ಇದನ್ನು ಮರ ಹಾಳುಮಾಡುವ ಕ್ರಮವೆಂದು ಬಗೆದು ಹಂತಹಂತವಾಗಿ ನಿಷೇಧಿಸಿತು, ‘ಕಾಡು ಸುಡುವವರು’ ಎಂಬ ಹಣೆಪಟ್ಟಿ ಆಗ ಅಂಟಿದ್ದು ಇನ್ನೂ ಪೂರ್ತಿ ಬಿಟ್ಟಿಲ್ಲ. ಈ ಕ್ರಮಕ್ಕೆ ಮಿತಿಗಳಿದ್ದವು, ಅದನ್ನು ಮರೆಮಾಚುವುದು ಸರಿಯಲ್ಲ. ಜನ ಕಡಿಮೆಯಿದ್ದು ಕಾಡು ವಿಶಾಲವಿದ್ದಾಗ ಮಾತ್ರ ಅದು ನಡೆಯುತ್ತದೆ, ಬಿಡುವಿನ ವರ್ಷಗಳು ಕಡಿಮೆಯಾದರೆ ಮಣ್ಣು ಚೇತರಿಸಿಕೊಳ್ಳುವುದಿಲ್ಲ. ಆದರೂ ಬಿಳಿಗಿರಿಯ ಇತಿಹಾಸದಲ್ಲಿ ನೋವಾಗುವ ಒಂದು ಅಂಶವಿದೆ. 1974ರಲ್ಲಿ ಅದು ವನ್ಯಜೀವಿಧಾಮವಾದಾಗ ಸೋಲಿಗರ ಅಲೆಮಾರಿ ಬೇಸಾಯ ಪೂರ್ತಿ ನಿಂತಿತು, ಅವರನ್ನು ಕಾಡಿನೊಳಗಿಂದ ತಂದು ಒಂದೆಡೆ ನೆಲೆಗೊಳಿಸಲಾಯಿತು. ಬ್ರಿಟಿಷರ ಕಾಲದಲ್ಲಿ ಅದೇ ಬೆಟ್ಟದ ಇಳಿಜಾರು ಕಡಿದು ಮಾಡಿದ ಹೊನ್ನಮೇಟಿ, ಅತ್ತಿಖಾನೆ, ಬೇಡಗುಳಿಯ ಕಾಫಿ ತೋಟಗಳು ಇದ್ದಲ್ಲೇ ಉಳಿದವು. ನೆಲಕ್ಕೆ ಬಿಡುವು ಕೊಟ್ಟವರು ಹೊರಗಾದರು, ನೆಲಕ್ಕೆ ಬೇಲಿ ಹಾಕಿದವರು ಒಳಗುಳಿದರು.

ಬೇಸಾಯದೊಡನೆ ‘ತರಗು ಬೆಂಕಿ’ಯೂ ನಿಂತಿತು. ತರಗೆಂದರೆ ಉದುರಿದ ಒಣ ಎಲೆ. ಬೇಸಿಗೆಯ ಮೊದಲಲ್ಲಿ, ನೆಲದ ಹುಲ್ಲಿನಲ್ಲಿ ಇನ್ನೂ ಹಸಿ ಇರುವಾಗಲೇ ಅದನ್ನು ತೆಳುವಾಗಿ ಸುಟ್ಟರೆ ಜ್ವಾಲೆ ಮೊಣಕಾಲು ಮೀರುವುದಿಲ್ಲ, ಮರಕ್ಕೆ ತಗಲುವುದಿಲ್ಲ, ಹೊಸ ಹುಲ್ಲು ಬರುತ್ತದೆ ಎಂಬುದು ಸೋಲಿಗರ ಅನುಭವ. ಈಗ ಬಿಳಿಗಿರಿಯ ತುಂಬ ಲಂಟಾನ ಪೊದೆ ಹಬ್ಬಿದೆ, ನೆಲ್ಲಿಮರಗಳ ಮೇಲೆ ‘ಉಪ್ಪಿಲು’ ಎಂಬ ಬಂದಳಿಕೆ ಬೆಳೆದು ಕಾಯಿ ಕಡಿಮೆಯಾಗಿದೆ. ಚಿಕ್ಕ ಬೆಂಕಿ ಇಲ್ಲವಾದ್ದೇ ಇದಕ್ಕೆ ಕಾರಣವೆಂದು ಸೋಲಿಗ ಹಿರಿಯರು ಹೇಳುತ್ತಾರೆ, ಇಲ್ಲಿ ದೀರ್ಘಕಾಲ ಕೆಲಸ ಮಾಡಿದ ಸಂಶೋಧಕರೂ ಆ ಮಾತನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಾಮುದಾಯಿಕ ಹಕ್ಕನ್ನು ಒಪ್ಪಲಾಯಿತು. ಹುಲಿ ಸಂರಕ್ಷಿತ ಪ್ರದೇಶದ ನಡುಗಾಡಿನಲ್ಲಿ ಇಂಥ ಹಕ್ಕು ಪಡೆದವರಲ್ಲಿ ದೇಶದಲ್ಲೇ ಅವರು ಮೊದಲಿಗರು. ಇಂದು ಪೋಡುಗಳ ಸುತ್ತ ಕಾಡುಮರದ ನೆರಳಲ್ಲಿ ಅವರೂ ಕಾಫಿ, ಮೆಣಸು ಬೆಳೆಯುತ್ತಾರೆ. ಇಳಿಜಾರಿನಲ್ಲಿ ಮರವನ್ನು ಕಡಿಯದೆ ಬೆಳೆ ತೆಗೆಯುವುದು ಹೇಗೆ ಎಂಬುದನ್ನು ಯಾರೂ ಅವರಿಗೆ ಹೊಸದಾಗಿ ಕಲಿಸಬೇಕಾಗಲಿಲ್ಲ.

ಹೊಳಲಿನ ಗದ್ದೆಗೆ ಬರುವ ನೀರು ಈ ಬೆಟ್ಟಗಳದ್ದಲ್ಲ, ಕೊಡಗಿನದು ಎಂಬುದರಿಂದ ಅಲ್ಲಿನ ಮಾತನ್ನೂ ಎತ್ತಬೇಕಾಗುತ್ತದೆ. ಭಾಗಮಂಡಲದ ಕಡೆ ವರ್ಷಕ್ಕೆ 5000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆ ನಾಡಿನಲ್ಲಿ ಇಳಿಜಾರಿನ ಪ್ರಶ್ನೆ ತಿರುವುಮುರುವಾಗಿದೆ. ನೀರನ್ನು ಹಿಡಿಯುವುದಕ್ಕಿಂತ ಅದಕ್ಕೆ ಮೆಲ್ಲಗೆ ಇಳಿಯಲು ದಾರಿ ಕೊಡುವುದೇ ಅಲ್ಲಿ ಕಷ್ಟ. ಹಳೆಯ ಕೊಡಗಿನ ಉತ್ತರ ಸ್ಪಷ್ಟವಾಗಿತ್ತು: ಕಣಿವೆಯ ತಳದಲ್ಲಿ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ, ಅದರ ಮೇಲಿನ ಇಳಿಜಾರಿನಲ್ಲಿ ‘ಬಾಣೆ’. ಗದ್ದೆಯೊಂದಿಗೆ ಕುಟುಂಬಕ್ಕೆ ಸೇರಿಕೊಂಡು ಬರುತ್ತಿದ್ದ, ಸೊಪ್ಪು, ಸೌದೆ, ಮೇವಿಗೆಂದೇ ಬಿಟ್ಟ ಮರಗಾಡು ಅದು. ಗದ್ದೆಗೆ ಹಸಿರೆಲೆ ಗೊಬ್ಬರ ಅಲ್ಲಿಂದ ಇಳಿಯುತ್ತಿತ್ತು. ಇನ್ನೂ ಮೇಲೆ ದೇವರಕಾಡು. ಬಾಣೆಯಲ್ಲಿ ಕಾಫಿ ಬಂದ ಮೇಲೂ ಅತ್ತಿ, ಹಲಸು, ನಂದಿ, ಹಾಲವಾಣದ ನೆರಳು ಬಹುಕಾಲ ಉಳಿಯಿತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ, ಮುಕ್ಕೋಡ್ಲುವಿನ ಬೆಟ್ಟಗಳು ಕುಸಿದಾಗ, ಅತಿಮಳೆಯ ಜೊತೆಗೆ ರಸ್ತೆಗೆ, ಮನೆಗೆ, ತಂಗುಮನೆಗೆ ಬೆಟ್ಟದ ಮಗ್ಗುಲನ್ನು ನೆಟ್ಟಗೆ ಕಡಿದದ್ದನ್ನೂ ಭೂವಿಜ್ಞಾನಿಗಳು ಕಾರಣವಾಗಿ ತೋರಿಸಿದರು. ಇಳಿಜಾರಿನ ಬುಡ ಕಡಿದರೆ ತಲೆ ಜಾರುತ್ತದೆ ಎಂಬುದು ಗದ್ದೆಯನ್ನು ಕಣಿವೆಯಲ್ಲಿಟ್ಟು ಬೆಟ್ಟವನ್ನು ಮರಕ್ಕೆ ಬಿಟ್ಟವರಿಗೆ ತಿಳಿದೇ ಇತ್ತು.

ಜಗತ್ತಿನ ಬೇರೆ ಬೆಟ್ಟಗಳ ಜನ ಬೇರೆ ಬೇರೆ ಉಪಾಯ ಹೂಡಿದ್ದಾರೆ. ಫಿಲಿಪ್ಪೀನ್ಸಿನ ಇಫುಗಾವೊ ಜನ ಬೆಟ್ಟವನ್ನೇ ಭತ್ತದ ಮೆಟ್ಟಿಲಾಗಿ ಕೆತ್ತಿದರು, ಇಥಿಯೋಪಿಯಾದ ಕೊನ್ಸೊ ಜನ ಒಣ ಇಳಿಜಾರಿಗೆ ಕಲ್ಲುಗೋಡೆಗಳ ಸಾಲು ಕಟ್ಟಿದರು. 1995 ಮತ್ತು 2011ರಲ್ಲಿ ಯುನೆಸ್ಕೊ ಇವೆರಡನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಉತ್ತರಾಖಂಡದ ಗಢವಾಲಿನಲ್ಲಿ ರಾಗಿಗೆ ‘ಮಂಡುವಾ’ ಎನ್ನುತ್ತಾರೆ, ಅದೂ ಸೇರಿ ಹನ್ನೆರಡು ಬಗೆಯ ಧಾನ್ಯ, ಕಾಳುಗಳನ್ನು ಬೆರೆಸಿ ಬಿತ್ತುವ ‘ಬಾರಹನಾಜ’ ಎಂಬ ಪದ್ಧತಿ ನಮ್ಮ ಅಕ್ಕಡಿಯ ಒಡಹುಟ್ಟಿದ್ದೆಂದೇ ಹೇಳಬೇಕು. ರಾಗಿಯ ತವರು ಕೂಡ ಪೂರ್ವ ಆಫ್ರಿಕದ ಎತ್ತರದ ನೆಲವೇ. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ಈ ಬೆಟ್ಟದ ಧಾನ್ಯ ಮಂಡ್ಯದ ಬಯಲಿನಲ್ಲಿ ಮುದ್ದೆಯಾಗಿ, ಮತ್ತೆ ಮಾದಪ್ಪನ ಮಲೆ ಏರಿತು.

ಆ ಹಳೆಯ ನೆಂಟಸ್ತಿಕೆಯನ್ನು ಮತ್ತೆ ಬೆಸೆದ ಕೆಲಸ ನಡೆದದ್ದು ಹೊಳಲಿಗೆ ದೂರವಲ್ಲದ ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯ ಅರುಣಾ, ಉದಯ, ಪೂರ್ಣ, ಶಕ್ತಿ ಮೊದಲಾದ ತಳಿಗಳನ್ನು ಕೊಟ್ಟ ಮೇಲೆ ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ‘ಇಂಡಾಫ್’ ಸಾಲಿನ ತಳಿಗಳನ್ನು ರೂಪಿಸಿದರು. 1970ರ ದಶಕದಿಂದ ಅವು ಹೊಲ ಸೇರಿ ಇಳುವರಿಯನ್ನು ಬಹಳ ಏರಿಸಿದವು. ರಾಗಿಯ ಸಣ್ಣ ಹೂವಿನಲ್ಲಿ ಸಂಕರ ಮಾಡುವುದು ಎಷ್ಟು ನಾಜೂಕಿನ, ತಾಳ್ಮೆಯ ಕೆಲಸ ಎಂಬುದನ್ನು ಬಲ್ಲವರಿಗೆ ಲಕ್ಷ್ಮಣಯ್ಯನವರ ಸಾಧನೆಯ ಎತ್ತರ ತಿಳಿಯುತ್ತದೆ. ಆದರೆ ಹೆಚ್ಚು ಕೊಡುವ ತಳಿ ಸುಧಾರಿಸಿದ ನೆಲಕ್ಕೆ, ಹಾಕುವ ಗೊಬ್ಬರಕ್ಕೆ ಒಗ್ಗಿದ್ದು. ಪೊನ್ನಾಚಿಯ ಕಲ್ಲುಬದುವಿನ ಹಿಂದಿನ ಗೇಣುದ್ದದ ಮಣ್ಣಿನಲ್ಲಿ, ಮಳೆ ಒಂದು ತಿಂಗಳು ತಡವಾದರೂ ಕಾಯುವ ನಾಟಿ ತಳಿಯ ಕೆಲಸವೇ ಬೇರೆ. ಎರಡೂ ಬೇಕು ಎನ್ನುವುದು ಬೆಳೆಗಾರರಿಗೆ ಗೊತ್ತಿದ್ದರೂ, ಒಂದಕ್ಕೆ ಬೀಜದಂಗಡಿ ಇದೆ, ಇನ್ನೊಂದಕ್ಕೆ ಮನೆಯ ಮೂಲೆಯ ಗಡಿಗೆಯಷ್ಟೇ ಇದೆ.

ಮುಂಚೆ ಬಯಲಿನ ಊರುಗಳಲ್ಲಿ ಕಾಳಿಗೆ ‘ಹಗೇವು’ ಇರುತ್ತಿತ್ತು: ಗಟ್ಟಿನೆಲದಲ್ಲಿ ಬಾಯಿ ಕಿರಿದಾಗಿ ಒಳಗೆ ಅಗಲವಾಗಿ ತೋಡಿದ ಕಣಜ. ಹುಲ್ಲು ಹಾಸಿ ರಾಗಿ ತುಂಬಿ, ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಗಾಳಿಯಾಡದ ಆ ಕತ್ತಲಲ್ಲಿ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತಿತ್ತು. ತೆಗೆಯುವ ದಿನ ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ಆರದಿದ್ದರೆ ಮಾತ್ರ ಒಳಗಿಳಿಯುತ್ತಿದ್ದರು. ಬರದ ವರ್ಷಕ್ಕೆಂದು ಕೂಡಿಟ್ಟ ಆ ಕಾಳಿನ ಬೆಲೆ ಗೊತ್ತಾಗಲು ದೂರ ಹೋಗಬೇಕಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು, ಕನ್ನಂಬಾಡಿಯ ನೀರನ್ನೇ ನಂಬಿದ ಬಯಲಿನಲ್ಲಿ ಗದ್ದೆಗಳು ಬಿರುಕುಬಿಟ್ಟವು. ಆ ವರ್ಷ ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ವರ್ಷವೂ ಹೌದು. ನಾಲೆ ಒಣಗಿದಾಗ ಬಯಲಿನ ರೈತನೂ ಮಲೆಯ ರೈತನಂತೆ ಆಕಾಶವನ್ನೇ ನೋಡಬೇಕಾಗುತ್ತದೆ, ಹಾಗೆ ನೋಡಿ ಬದುಕಿದ ವಿದ್ಯೆ ಮಾತ್ರ ಮಲೆಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ.

ಹೊಳಲಿನಿಂದ, ಮದ್ದೂರಿನಿಂದ, ಮಳವಳ್ಳಿಯಿಂದ ಬರುವ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಒಕ್ಕಲುಗಳಲ್ಲಿ ಒಂದು ಕೋರಿಕೆ ಇದೆ. ಆ ಹೊತ್ತಿಗೆ ಮಲೆಯ ಹಳ್ಳಿಗಳಲ್ಲಿ ರಾಗಿಯ ಒಕ್ಕಣೆ ಮುಗಿದು, ಬಿತ್ತನೆಗೆಂದು ಆರಿಸಿದ ತೆನೆಗಳನ್ನು ಬೇರೆ ಕಟ್ಟಿಟ್ಟಿರುತ್ತಾರೆ. ಹೋಗುವಾಗ ಮನೆಯ ಅವರೆ ಬೀಜವನ್ನು ಸೆರಗಿನಲ್ಲೋ ಟವೆಲಿನ ಮೂಲೆಯಲ್ಲೋ ಕಟ್ಟಿಕೊಂಡು ಹೋಗಿ ಅಲ್ಲಿ ಕೊಟ್ಟು, ಬರುವಾಗ ಅವರ ರಾಗಿಯ ಒಂದು ಹಿಡಿ ಕೇಳಿ ತನ್ನಿ; ಆರಿದ್ರೆ ಮಳೆಗೆ ನಾಲೆಯ ಮೇಲಿನ ದಿಣ್ಣೆಯಲ್ಲಿ ನಾಲ್ಕು ಸಾಲು ಬಿತ್ತಿ, ಬಂದ ತೆನೆಯಲ್ಲಿ ಅರ್ಧವನ್ನು ಮರುವರ್ಷದ ಬೀಜಕ್ಕೆ ಇಟ್ಟುಕೊಳ್ಳಿ.